ಬೇಟೆ ಕಂಪನಿ ಮತ್ತು ಊರಿನವರು: ಇಬ್ಬರ ನಡುವೆ ಸಂಬಂಧ ಕೆಟ್ಟಿದೆ, ಏನು ಮಾಡಬೇಕು?

ಲೆಕ್ಕದಮನೆ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ನಮೀಬಿಯಾದ ಜಾಂಬೆಜಿ ಪ್ರಾಂತ್ಯದಲ್ಲಿ ಒಂದು ಬೇಟೆ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಬಂದು ಎರಡೂವರೆ ವರ್ಷ ಆಯಿತು. ಹೊರದೇಶದಿಂದ ಬೇಟೆಗಾರರು ಬರುತ್ತಾರೆ. ಅವರಿಗೆ ಕ್ಯಾಂಪು, ಗಾಡಿ, ಹೆಜ್ಜೆ ಹಿಡಿಯುವ ಟ್ರ್ಯಾಕರ್‌ಗಳು, ಪರ್ಮಿಟ್ಟು ಎಲ್ಲವನ್ನೂ ಕಂಪನಿ ಹೊಂದಿಸುತ್ತದೆ. ಆದರೆ ಪ್ರಾಣಿಗಳ ಮೇಲಿನ ಹಕ್ಕು ಕಂಪನಿಯದ್ದಲ್ಲ. ಊರವರೇ ಸೇರಿ ಕಟ್ಟಿಕೊಂಡ ಕನ್ಸರ್ವೆನ್ಸಿ ಅನ್ನೋ ಸಂಘ ಇದೆ. ವರ್ಷಕ್ಕೆ ಇಷ್ಟು ಪ್ರಾಣಿ ಅಂತ ಸರ್ಕಾರ ಕೋಟಾ ಕೊಡುತ್ತದೆ. ಸಂಘ ಅದನ್ನು ಕಂಪನಿಗೆ ಮಾರುತ್ತದೆ. ದುಡ್ಡು ಸಂಘಕ್ಕೆ, ಮಾಂಸ ಊರಿಗೆ.

ಕಾಗದದಲ್ಲಿ ಎಲ್ಲ ಚೆನ್ನಾಗಿದೆ. ಊರಲ್ಲಿ ಹಾಗಿಲ್ಲ.

ಹೋದ ತಿಂಗಳು ಆನೆಗಳು ಒಬ್ಬ ಅಜ್ಜಿಯ ಮುಸುಕಿನ ಜೋಳದ ಹೊಲಕ್ಕೆ ನುಗ್ಗಿದವು. ಒಂದೇ ರಾತ್ರಿ, ಏನೂ ಉಳಿಯಲಿಲ್ಲ. ನಾಲ್ಕು ದಿನ ಬಿಟ್ಟು ನಮ್ಮ ಗಿರಾಕಿಯೊಬ್ಬರು ಒಂದು ಆನೆ ಹೊಡೆದರು. ಜಾಗ ಊರಿಂದ ದೂರ. ನಮ್ಮ ಲಾರಿ ದಾರಿಯಲ್ಲಿ ಕೆಟ್ಟಿತು. ಮಾಂಸ ಊರು ಮುಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ಆ ಬಿಸಿಲಿಗೆ ಅರ್ಧ ವಾಸನೆ ಬಂದಿತ್ತು. ಆದರೆ ದಂತ ಮತ್ತು ಚರ್ಮ ಅದೇ ಸಂಜೆ ಜೀಪಿನಲ್ಲಿ ಕ್ಯಾಂಪಿಗೆ ಬಂದಿತ್ತು. ಅದನ್ನು ಊರೆಲ್ಲ ನೋಡಿದೆ.

ಸಂಘದ ವಾರ್ಷಿಕ ಸಭೆಯಲ್ಲಿ ಆ ಅಜ್ಜಿ ಎದ್ದು ನಿಂತು ಕೇಳಿದರು. "ಹೊಲ ತಿಂದಾಗ ಅದು ಸರ್ಕಾರದ ಆನೆ. ಹೊಡೆದಾಗ ಅದು ಕಂಪನಿಯ ಆನೆ. ನಮ್ಮ ಆನೆ ಆಗೋದು ಯಾವಾಗ?" ನಾನು ಅಲ್ಲೇ ಕೂತಿದ್ದೆ. ತಲೆ ಎತ್ತಲು ಆಗಲಿಲ್ಲ.

ಈಗ ನಮ್ಮ ಯಜಮಾನರು ನನಗೆ ಒಂದು ಪಟ್ಟಿ ಮಾಡಲು ಹೇಳಿದ್ದಾರೆ. ಕೊಳವೆಬಾವಿ ಕೊರೆಸಿದ್ದು, ಶಾಲೆಗೆ ಬೆಂಚು, ಹುಡುಗರಿಗೆ ಫುಟ್‌ಬಾಲ್ ಅಂಗಿ. ಮುಂದಿನ ಸಭೆಯಲ್ಲಿ ಅದನ್ನು ಓದಬೇಕಂತೆ. ಊರವರು ಕೇಳ್ತಿರೋದು ಬೇರೆ. ಗಿರಾಕಿ ನಿಮಗೆ ಎಷ್ಟು ಕೊಟ್ಟ, ಅದರಲ್ಲಿ ನಮಗೆ ಎಷ್ಟು ಬಂತು ಅಂತ. ಅದು ವ್ಯಾಪಾರದ ಗುಟ್ಟು ಅನ್ನುತ್ತಾರೆ ಯಜಮಾನರು.

ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದೀರಾ? ಬೇರೆ ಕಡೆ ಹೇಗೆ ನಡೆಯುತ್ತದೆ?

---

ನೇರಮಾತು
ಭಾನುವಾರ, ರಾತ್ರಿ 9:58

ಆನೆ ಹೊಡೆಯೋದೇ ತಪ್ಪು. ಅದಾದ ಮೇಲೆ ಮಾಂಸ ಹಂಚಿದ್ದು ಸರಿನಾ ಅಂತ ಕೇಳೋದು ಏನು?

---

ದೂರದೂರು
ಭಾನುವಾರ, ರಾತ್ರಿ 10:05

ನಂಗೆ ಒಂದು ಅರ್ಥ ಆಗ್ಲಿಲ್ಲ. ಬೇಟೆ ಅಪರಾಧ ಅಲ್ವಾ? ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇದೆಲ್ಲ ನಿಂತಿದೆ.

---

ಹುಲ್ಲುಗಾವಲು
ಭಾನುವಾರ, ರಾತ್ರಿ 10:31

@ದೂರದೂರು, ಒಂದೊಂದು ದೇಶದ ಕಾನೂನು ಒಂದೊಂದು ಥರ. ನಾನು ಸಂಶೋಧನೆಗೆ ಅಂತ ನಮೀಬಿಯಾದ ಕುನೆನೆ ಕಡೆ ಒಂದೂವರೆ ವರ್ಷ ಇದ್ದೆ. ಅಲ್ಲಿನ ಹಿಂದಿನ ಕತೆ ಗೊತ್ತಿಲ್ಲದೆ ಈ ಜಗಳ ಅರ್ಥ ಆಗಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

1975ರ ಕಾನೂನು ಸ್ವಂತ ಜಮೀನಿದ್ದ ರೈತರಿಗೆ, ಅಂದರೆ ಆಗ ಬಿಳಿಯರಿಗೆ, ತಮ್ಮ ಜಮೀನಿನ ಪ್ರಾಣಿಗಳ ಮೇಲೆ ಹಕ್ಕು ಕೊಟ್ಟಿತು. ಅವರು ಬೇಟೆಗಾರರನ್ನು ಕರೆಸಿ ದುಡ್ಡು ಮಾಡಿಕೊಂಡರು. ಊರ ಸಾಮೂಹಿಕ ಜಮೀನಿನಲ್ಲಿದ್ದ ಕಪ್ಪು ಜನರಿಗೆ ಆ ಹಕ್ಕು ಇರಲಿಲ್ಲ. ಅವರು ಒಂದು ಜಿಂಕೆ ಹೊಡೆದರೂ ಕಳ್ಳಬೇಟೆ. 1980ರ ದಶಕದಲ್ಲಿ ಕುನೆನೆಯಲ್ಲಿ ಊರ ಮುಖಂಡರೇ ತಮ್ಮ ಜನರನ್ನು ಪ್ರಾಣಿ ಕಾಯಲು ನೇಮಿಸಿದರು. ಆಗ ಬರ, ಕಳ್ಳಬೇಟೆ ಎರಡೂ ಸೇರಿ ಪ್ರಾಣಿ ಮುಗಿಯುತ್ತಾ ಬಂದಿತ್ತು. ಸ್ವಾತಂತ್ರ್ಯ ಬಂದದ್ದು 1990ರಲ್ಲಿ. 1996ರಲ್ಲಿ ಕಾನೂನು ತಿದ್ದಿ ಊರಿನ ಸಂಘಗಳಿಗೂ ಹಕ್ಕು ಕೊಟ್ಟರು. 1998ರಲ್ಲಿ ಮೊದಲ ನಾಲ್ಕು ಕನ್ಸರ್ವೆನ್ಸಿ ನೋಂದಣಿ ಆದವು. ಈಗ 86 ಇವೆ. ದೇಶದ ನೆಲದಲ್ಲಿ ಸುಮಾರು ಐದನೇ ಒಂದು ಭಾಗ ಅವುಗಳಲ್ಲಿದೆ.

ಲೆಕ್ಕದಮನೆಯವರೇ, ನಿಮ್ಮ ಯಜಮಾನರು ಅಲ್ಲಿ ಬಾಡಿಗೆಗೆ ಇರುವವರು. ಮನೆ ಮಾಲೀಕರ ಮುಂದೆ ನಿಂತು "ನಿಮಗೆ ಬೆಂಚು ಕೊಡಿಸಿದೆ" ಅಂತ ಓದಿದರೆ ಹೇಗಿರುತ್ತದೆ, ಯೋಚಿಸಿ.

---

ಲೆಕ್ಕದಮನೆ
ಭಾನುವಾರ, ರಾತ್ರಿ 10:40

ಬಾಡಿಗೆಯವರು ಅನ್ನೋ ಮಾತು ಯಜಮಾನರಿಗೆ ಹೇಗೆ ಹೇಳೋದು ಮೇಡಂ! ಆದರೆ ಅದೇ ಸರಿ.

---

ಪ್ರಾಣಿಪ್ರೀತಿ
ಭಾನುವಾರ, ರಾತ್ರಿ 11:12

ನಾನು @ನೇರಮಾತು ಜೊತೆಗಿದ್ದೇನೆ. ಬೇಟೆ ದುಡ್ಡಿನಲ್ಲಿ ಊರಿಗೆ ಸಿಗೋದು ಶೇ 3 ಮಾತ್ರ ಅಂತ 2013ರಲ್ಲೇ ವರದಿ ಬಂದಿದೆ. ಉಳಿದ 97 ಎಲ್ಲಿಗೆ ಹೋಯಿತು? ಕಂಪನಿಗೆ, ಸರ್ಕಾರಕ್ಕೆ, ದಲ್ಲಾಳಿಗಳಿಗೆ. 2015ರಲ್ಲಿ ಜಿಂಬಾಬ್ವೆಯಲ್ಲಿ ಸಿಸಿಲ್ ಸಿಂಹವನ್ನು ಹೊಡೆದರಲ್ಲ, ಹ್ವಾಂಗೆ ಪಾರ್ಕಿನಿಂದ ಹೊರಗೆ ಸೆಳೆದು? ಆಕ್ಸ್‌ಫರ್ಡ್‌ನವರು ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಅಧ್ಯಯನ ಮಾಡುತ್ತಿದ್ದ ಸಿಂಹ ಅದು. ಬೇಟೆಗಾರ ಕೊಟ್ಟದ್ದು ಸುಮಾರು 50,000 ಡಾಲರ್ ಅಂತ ಸುದ್ದಿ ಬಂತು. ಪಕ್ಕದ ಊರಿನ ಬಡವರಿಗೆ ಅದರಲ್ಲಿ ಎಷ್ಟು ಮುಟ್ಟಿರುತ್ತದೆ ಹೇಳಿ. ನನಗಂತೂ ಇದು ಸಂಕಟದ ವಿಷಯ. ದುಡ್ಡಿನ ಹೆಸರಲ್ಲಿ ಜೀವ ತೆಗೆಯೋದು.

---

ಕಂದೀಲು
ಸೋಮವಾರ, ಬೆಳಿಗ್ಗೆ 6:20

@ಪ್ರಾಣಿಪ್ರೀತಿ, ಆ 3 ಅನ್ನೋ ಅಂಕಿಯನ್ನು ಎಲ್ಲರೂ ಹಂಚ್ತಾರೆ, ಎಲ್ಲಿಂದ ಬಂತು ಅಂತ ಯಾರೂ ನೋಡಲ್ಲ. ಅದರ ಮೂಲ ಟಾಂಜಾನಿಯಾದ ಬೇಟೆ ಕಂಪನಿಗಳ ಖರ್ಚಿನ ಲೆಕ್ಕ. ಟಾಂಜಾನಿಯಾದಲ್ಲಿ ಬೇಟೆ ಬ್ಲಾಕ್, ಅಂದರೆ ಬೇಟೆಗೆ ಬಿಟ್ಟ ಜಾಗ, ಹಂಚೋದು ಸರ್ಕಾರ. ಊರಿನ ಕೈಯಲ್ಲಿ ಹಕ್ಕೇ ಇಲ್ಲದಿದ್ದಾಗ ಪಾಲು ಎಲ್ಲಿಂದ ಬರಬೇಕು? ಅದನ್ನು ತಂದು ನಮೀಬಿಯಾಕ್ಕೆ ಹಚ್ಚಬಾರದು.

---

ಪ್ರಾಣಿಪ್ರೀತಿ
ಸೋಮವಾರ, ಬೆಳಿಗ್ಗೆ 8:02

ಸರಿ, ಅಂಕಿ ಟಾಂಜಾನಿಯಾದ್ದು ಅನ್ನೋದನ್ನು ಒಪ್ಪುತ್ತೇನೆ. ಆದರೆ ಟಾಂಜಾನಿಯಾ ಚಿಕ್ಕ ದೇಶ ಅಲ್ಲ. ಅಲ್ಲಿ ಹಾಗಿದ್ದರೆ ಅದೇ ದೊಡ್ಡ ಅನ್ಯಾಯ ತಾನೇ?

---

ಅರುಶಾವಾಸಿ
ಸೋಮವಾರ, ಬೆಳಿಗ್ಗೆ 9:47

ಟಾಂಜಾನಿಯಾ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಾನು ಅರುಶಾದಲ್ಲಿ ಆರು ವರ್ಷ ಇದ್ದೆ, ಗಾಡಿಗಳ ಬಿಡಿಭಾಗದ ವ್ಯಾಪಾರ. ಬೇಟೆ ಕ್ಯಾಂಪುಗಳಿಗೂ ಸಾಮಾನು ಕಳಿಸುತ್ತಿದ್ದೆವು.

ಲೊಲಿಯೊಂಡೊ ಅಂತ ಜಾಗ, ಸೆರೆಂಗೆಟಿ ಪಕ್ಕದಲ್ಲಿ. ಮಾಸಾಯಿಗಳ ದನ ಮೇಯುವ ನೆಲ. 1992ರಲ್ಲಿ ಸರ್ಕಾರ ಅಲ್ಲಿ ಬೇಟೆ ಹಕ್ಕನ್ನು ಯುಎಇ ಕಡೆಯ ಒಂದು ಕಂಪನಿಗೆ ಕೊಟ್ಟಿತು. ಅಲ್ಲಿಂದ ಶುರುವಾದ ಜಗಳ ಇವತ್ತಿಗೂ ಮುಗಿದಿಲ್ಲ. 2009ರಲ್ಲಿ ಮಾಸಾಯಿಗಳ ಗುಡಿಸಲು ಸುಟ್ಟು ಓಡಿಸಿದರು. 2017ರಲ್ಲಿ ಮತ್ತೆ. 2022ರ ಜೂನ್‌ನಲ್ಲಿ 1,500 ಚದರ ಕಿಲೋಮೀಟರ್‌ಗೆ ಗಡಿ ಕಲ್ಲು ನೆಡಲು ಪೊಲೀಸರು ಬಂದರು. ಗುಂಡು ಹಾರಿತು. ತುಂಬ ಜನಕ್ಕೆ ಗಾಯ ಆಯಿತು, ಒಬ್ಬ ಪೊಲೀಸ್ ಸತ್ತರು. ಎಷ್ಟೋ ಜನ ಗಡಿ ದಾಟಿ ಕೀನ್ಯಾಕ್ಕೆ ಹೋದರು.

ನನಗೆ ಗೊತ್ತಿದ್ದ ಒಬ್ಬ ಮಾಸಾಯಿ ಡ್ರೈವರ್ ಒಂದು ಮಾತು ಹೇಳುತ್ತಿದ್ದ. ಬೇಟೆಯವರು ವರ್ಷದಲ್ಲಿ ಕೆಲವೇ ತಿಂಗಳು ಬರ್ತಾರೆ, ನಮ್ಮ ದನ ವರ್ಷಪೂರ್ತಿ ಹಸಿದಿರಬೇಕಾ ಅಂತ. ಕಂಪನಿ ಶಾಲೆ ಕಟ್ಟಿಸಲಿ, ರಸ್ತೆ ಹಾಕಿಸಲಿ, ಮೇವಿನ ನೆಲ ಕಿತ್ತುಕೊಂಡರೆ ಯಾರು ಒಪ್ಪುತ್ತಾರೆ?

---

ನೇರಮಾತು
ಸೋಮವಾರ, ಬೆಳಿಗ್ಗೆ 9:55

ಇದನ್ನೇ ನಾನು ಹೇಳಿದ್ದು.

---

ಕಂದೀಲು
ಸೋಮವಾರ, ಬೆಳಿಗ್ಗೆ 10:10

ಇಲ್ಲ, ನೀವು ಹೇಳಿದ್ದು ಬೇಟೆ ತಪ್ಪು ಅಂತ. ಇವರು ಹೇಳ್ತಿರೋದು ನೆಲ ಕಿತ್ತುಕೊಂಡದ್ದು ತಪ್ಪು ಅಂತ. ಬೇಟೆ ಇಲ್ಲದೆ ಬರೀ ಸಫಾರಿಗೆ ಅಂತ ಜನರನ್ನು ಎಬ್ಬಿಸಿದ ಜಾಗಗಳೂ ಇವೆ. ಎರಡನ್ನೂ ಕಲಸಬೇಡಿ.

---

ಮೊಂಟಾನಾ_ಕನ್ನಡಿಗ
ಸೋಮವಾರ, ಬೆಳಿಗ್ಗೆ 10:38

ಇದು ಬರೀ ಆಫ್ರಿಕಾದ ಸಮಸ್ಯೆ ಅಂದುಕೊಳ್ಳಬೇಡಿ. ನಾನಿರೋದು ಅಮೆರಿಕದ ಮೊಂಟಾನಾದಲ್ಲಿ. ಇಲ್ಲಿ ಊರವರೂ ಬೇಟೆಗಾರರೇ, ಆದರೂ ಜಗಳ ತಪ್ಪಿಲ್ಲ.

ಇಲ್ಲಿ ಇಂಥ ಕಂಪನಿ ನಡೆಸುವವರಿಗೆ ಔಟ್‌ಫಿಟ್ಟರ್ ಅಂತಾರೆ. ರಾಜ್ಯದ ಲೈಸೆನ್ಸ್ ಬೇಕು. ಗೈಡ್‌ಗಳು ಅವರ ಕೈಕೆಳಗೇ ಕೆಲಸ ಮಾಡಬೇಕು. ಒಬ್ಬ ಔಟ್‌ಫಿಟ್ಟರ್ ಬಂದು ದೊಡ್ಡ ರ‍್ಯಾಂಚ್ ಮಾಲೀಕನಿಗೆ ದುಡ್ಡು ಕೊಟ್ಟು ಬೇಟೆ ಹಕ್ಕನ್ನು ಗುತ್ತಿಗೆಗೆ ಹಿಡಿಯುತ್ತಾನೆ. ಅಲ್ಲಿವರೆಗೆ ಊರಿನ ಹುಡುಗರು ಮಾಲೀಕನನ್ನು ಕೇಳಿ ಒಂದು ಎಲ್ಕ್ (ದೊಡ್ಡ ಜಿಂಕೆ) ಹೊಡೆದು ಚಳಿಗಾಲಕ್ಕೆ ಮಾಂಸ ಮಾಡಿಕೊಳ್ಳುತ್ತಿದ್ದರು. ಮರುವರ್ಷ ಗೇಟಿಗೆ ಬೀಗ. ನಮ್ಮ ಪಕ್ಕದ ಮನೆಯ ಹಿರಿಯರೊಬ್ಬರು ನಲವತ್ತು ವರ್ಷ ಹೋಗುತ್ತಿದ್ದ ಕಣಿವೆಗೆ ಈಗ ಕಾಲಿಡುವಂತಿಲ್ಲ. ಆ ರ‍್ಯಾಂಚಿನವರ ಜೊತೆ ಮಾತೂ ಬಿಟ್ಟಿದ್ದಾರೆ.

ಮಾಲೀಕನ ಕಷ್ಟ ಬೇರೆ. ಎಲ್ಕ್‌ಗಳು ಬಂದು ಅವನ ಹುಲ್ಲು ತಿನ್ನುತ್ತವೆ, ಬೇಲಿ ಮುರಿಯುತ್ತವೆ. ಬೆಲೆ ಬಿದ್ದ ವರ್ಷ ಗುತ್ತಿಗೆ ದುಡ್ಡೇ ರ‍್ಯಾಂಚನ್ನು ಉಳಿಸುತ್ತದೆ.

ರಾಜ್ಯ ಒಂದು ದಾರಿ ಮಾಡಿದೆ. ಬ್ಲಾಕ್ ಮ್ಯಾನೇಜ್‌ಮೆಂಟ್ ಅಂತ, 1980ರ ದಶಕದಿಂದ ಇದೆ. ಯಾರು ಬಂದರೂ ಬೇಟೆಗೆ ಬಿಡುವ ಮಾಲೀಕನಿಗೆ ರಾಜ್ಯವೇ ದುಡ್ಡು ಕೊಡುತ್ತದೆ. ಇನ್ನೊಂದು, ಔಟ್‌ಫಿಟ್ಟರ್ ಮೂಲಕ ಬರುವ ಹೊರ ರಾಜ್ಯದವರಿಗೆ ಇಲ್ಲಿ ಮೀಸಲು ಲೈಸೆನ್ಸ್ ಇತ್ತು. 2010ರಲ್ಲಿ ಜನ ವೋಟು ಹಾಕಿ ಅದನ್ನು ತೆಗೆಸಿದರು. ಔಟ್‌ಫಿಟ್ಟರ್‌ಗಳು ಹೊಟ್ಟೆ ಮೇಲೆ ಹೊಡೆದಿರಿ ಅಂದರು. ಊರವರು ಪ್ರಾಣಿ ಎಲ್ಲರದ್ದು ಅಂದರು. ಆ ಮಾತು ಇನ್ನೂ ನಡೀತಾನೇ ಇದೆ.

---

ಪದಪ್ರೇಮಿ
ಸೋಮವಾರ, ಬೆಳಿಗ್ಗೆ 11:03

ವಿಷಯ ಬಿಟ್ಟು ಕೇಳ್ತಿದ್ದೀನಿ, ಕ್ಷಮಿಸಿ. ಔಟ್‌ಫಿಟ್ಟರ್‌ಗೆ ಕನ್ನಡದಲ್ಲಿ ಏನಂತಾರೆ? ಬೇಟೆ ಗುತ್ತಿಗೆದಾರ ಅನ್ನಬಹುದಾ?

---

ದೂರದೂರು
ಸೋಮವಾರ, ಬೆಳಿಗ್ಗೆ 11:09

ಶಿಕಾರಿ ಕಂಪನಿ? ಹಳಬರು ಶಿಕಾರಿ ಅಂತಾನೇ ಅನ್ನೋರು.

---

ಮೊಂಟಾನಾ_ಕನ್ನಡಿಗ
ಸೋಮವಾರ, ಬೆಳಿಗ್ಗೆ 11:20

ಶಿಕಾರಿ ಮಾಡೋನು ಗಿರಾಕಿ. ಇವನು ಶಿಕಾರಿ ಮಾಡಿಸೋನು. ಗುತ್ತಿಗೆದಾರ ಅಂದ್ರೆ ಪರವಾಗಿಲ್ಲ, ಆದರೆ ಊಟ, ಟೆಂಟು, ಕುದುರೆ ಎಲ್ಲ ನೋಡಿಕೊಳ್ಳೋದು ಆ ಪದದಲ್ಲಿ ಬರಲ್ಲ.

---

ಪದಪ್ರೇಮಿ
ಸೋಮವಾರ, ಬೆಳಿಗ್ಗೆ 11:24

'ಶಿಕಾರಿ ಮಾಡಿಸೋನು' ಚೆನ್ನಾಗಿದೆ. ಬರೆದಿಟ್ಕೊಂಡೆ.

---

ಕಂದೀಲು
ಸೋಮವಾರ, ಮಧ್ಯಾಹ್ನ 12:15

ವಿಷಯಕ್ಕೆ ಬರೋಣ. ಊರಿನ ಪಾಲು ಮೊದಲೇ ಬರೆದಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಪಾಕಿಸ್ತಾನದ ಮಾರ್ಖೋರ್ ನೋಡಿ. ತಿರುಚಿದ ಕೊಂಬಿನ ಕಾಡುಮೇಕೆ ಅದು. ಪರ್ಮಿಟ್ ಹರಾಜು ಆಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಒಂದೊಂದು ಪರ್ಮಿಟ್ 1 ಲಕ್ಷ ಡಾಲರ್ ದಾಟಿದೆ. ಅದರಲ್ಲಿ ಶೇ 80 ಆ ಕಣಿವೆಯ ಜನರಿಗೆ, ಶೇ 20 ಸರ್ಕಾರಕ್ಕೆ.

ಬಲೂಚಿಸ್ತಾನದ ತೊರ್ಘರ್ ಬೆಟ್ಟದಲ್ಲಿ 1980ರ ದಶಕದಲ್ಲೇ ಶುರು ಮಾಡಿದ್ದರು. ಅಲ್ಲಿಯ ಬೇಟೆಗಾರರನ್ನೇ ಕಾವಲಿಗೆ ಹಾಕಿದರು. ಕಣಿವೆಯ ಜನಕ್ಕೆ ಒಂದು ಮುದಿ ಗಂಡು ಮೇಕೆಯ ಬೆಲೆ ಗೊತ್ತಾದ ಮೇಲೆ ಊರಲ್ಲೇ ಯಾರೂ ಕದ್ದು ಹೊಡೆಯಲು ಬಿಡಲಿಲ್ಲ. 2015ರಲ್ಲಿ ಮಾರ್ಖೋರ್ ಅಳಿವಿನ ಅಂಚಿನ ಪಟ್ಟಿಯಿಂದ ಎರಡು ಮೆಟ್ಟಿಲು ಕಡಿಮೆ ಅಪಾಯದ ಪಟ್ಟಿಗೆ ಬಂತು.

---

ಪ್ರಾಣಿಪ್ರೀತಿ
ಸೋಮವಾರ, ಮಧ್ಯಾಹ್ನ 12:40

ಅದಕ್ಕೆ ಬೇಟೆಯೇ ಬೇಕಾ? ಫೋಟೋ ತೆಗೆಯಲು ಬರೋರಿಂದ ದುಡ್ಡು ಬರಲ್ವಾ?

---

ಹುಲ್ಲುಗಾವಲು
ಸೋಮವಾರ, ಮಧ್ಯಾಹ್ನ 1:30

ಬರುತ್ತದೆ. ಕೆಲವು ಕಡೆ ಜಾಸ್ತಿಯೇ ಬರುತ್ತದೆ. ನಮೀಬಿಯಾದ 77 ಕನ್ಸರ್ವೆನ್ಸಿಗಳ 1998ರಿಂದ 2013ರವರೆಗಿನ ಲೆಕ್ಕ ಹಿಡಿದು 2016ರಲ್ಲಿ ಒಂದು ಅಧ್ಯಯನ ಬಂತು. ಸಂಘ ಶುರುವಾಗಿ ಸುಮಾರು 3 ವರ್ಷಕ್ಕೆ ಬೇಟೆಯಿಂದ ಆದಾಯ ಬರುತ್ತದೆ. ಪ್ರವಾಸದಿಂದ ಬರಲು ಸುಮಾರು 6 ವರ್ಷ ಬೇಕು. ಲಾಡ್ಜ್ ಕಟ್ಟಬೇಕು, ರಸ್ತೆ ಬೇಕು, ನೋಡಲು ಚಂದದ ಜಾಗ ಬೇಕು. ಎಲ್ಲ ಊರಿಗೂ ಅದಿಲ್ಲ.

ಅದರಲ್ಲೇ ಇನ್ನೊಂದು ಮುಖ್ಯ ವಿಷಯ ಇದೆ. ಲಾಡ್ಜಿನ ದುಡ್ಡು ಹೆಚ್ಚಾಗಿ ಅಲ್ಲಿ ಕೆಲಸಕ್ಕಿರುವವರ ಸಂಬಳವಾಗಿ ಮನೆಗೆ ಹೋಗುತ್ತದೆ. ಬೇಟೆಯ ದುಡ್ಡು ಹೆಚ್ಚಾಗಿ ಸಂಘದ ಖರ್ಚಿಗೆ ಹೋಗುತ್ತದೆ. ಸಾಮಾನ್ಯ ಮನೆಗೆ ನೇರವಾಗಿ ಸಿಗೋದು ಮಾಂಸ. ಈಗ ಲೆಕ್ಕದಮನೆಯವರ ಪೋಸ್ಟ್ ಇನ್ನೊಮ್ಮೆ ಓದಿ. ಹೆಚ್ಚಿನ ಮನೆಗಳಿಗೆ ಕಣ್ಣಿಗೆ ಕಾಣುವ ಲಾಭ ಅದೊಂದೇ. ಅದೇ ಕೊಳೆತು ಬಂದಿದೆ. ಕೋಪ ಬರದೆ ಇರುತ್ತದಾ?

---

ಲೆಕ್ಕದಮನೆ
ಸೋಮವಾರ, ಮಧ್ಯಾಹ್ನ 2:05

ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಮಾಂಸಕ್ಕೆ ಒಂದು ಸಾಲೂ ಇಲ್ಲ. ದುಡ್ಡಲ್ಲ ಅಂತ ನಾನು ಬರೆಯುತ್ತಲೇ ಇರಲಿಲ್ಲ.

---

ಕ್ಯಾಂಪುಮನೆ
ಸೋಮವಾರ, ಮಧ್ಯಾಹ್ನ 3:18

ತಮ್ಮಾ, ನಾನು ಜಾಂಬಿಯಾದಲ್ಲಿ ಬೇಟೆ ಕ್ಯಾಂಪಿನ ಉಗ್ರಾಣ ನೋಡಿಕೊಂಡಿದ್ದವನು. ಹನ್ನೊಂದು ಸೀಸನ್. ಕೆಲಸದ ಮಾತು ಹೇಳ್ತೀನಿ, ಕೇಳು.

ಗುಂಡು ಹಾರಿದ ಮೇಲೆ ಲಾರಿ ಹುಡುಕಬಾರದು. ಆನೆಯೋ ಹಿಪ್ಪೋವೋ ಹೊಡೆಯಲು ಹೊರಟ ದಿನವೇ ಲಾರಿಗೆ ಡೀಸೆಲ್ ಹಾಕಿ, ಚಕ್ರ ನೋಡಿ, ಡ್ರೈವರನ್ನು ಕಾಯಿಸಬೇಕು. ಕೆಟ್ಟರೆ ಇನ್ನೊಂದು ಗಾಡಿ ಎಲ್ಲಿ ಸಿಗುತ್ತೆ ಅನ್ನೋದು ಮೊದಲೇ ಗೊತ್ತಿರಬೇಕು. ಆನೆ ಅಂದರೆ ಟನ್‌ಗಟ್ಟಲೆ ಮಾಂಸ, ಜೀಪಿನಲ್ಲಿ ಸಾಗಿಸೋ ಸಾಮಾನಲ್ಲ. ಬೆಳಿಗ್ಗೆ ಹೊಡೆದರೆ ಸಂಜೆಯೊಳಗೆ ಊರು ಮುಟ್ಟಿಸಬಹುದು. ಸಂಜೆ ಹೊಡೆದರೆ ರಾತ್ರಿಯೆಲ್ಲ ಕೊಯ್ಯಬೇಕು. ಅದಕ್ಕೆ ಊರಿನ ಜನರನ್ನೇ ಕರೆಸು. ಕತ್ತಿ, ಟಾರ್ಚು, ಉಪ್ಪು, ಅವರ ಕೂಲಿ, ಎಲ್ಲ ಕಂಪನಿಯದ್ದು. ಹೊಟ್ಟೆಯ ಭಾಗ ಮೊದಲು ತೆಗೆಯಬೇಕು, ಬಿಸಿ ಉಳಿದರೆ ಮಾಂಸ ಹಸಿರಾಗುತ್ತೆ. ಮರದ ನೆರಳಲ್ಲಿ ಪಟ್ಟಿ ಪಟ್ಟಿಯಾಗಿ ನೇತು ಹಾಕಿದರೆ ಉಳಿಯುತ್ತೆ.

ಆಮೇಲೆ ತೂಕ. ಒಂದು ತಕ್ಕಡಿ ತಗೋ. ಊರಿನ ಮುಖಂಡರ ಮುಂದೆ ತೂಗಿ, ಬರೆದು, ಅವರ ಸಹಿ ಹಾಕಿಸು. ಯಾವ ಓಣಿಗೆ ಯಾವಾಗ ಕೊಟ್ಟೆ ಅಂತ ಬರೆದಿಡು. ನಮ್ಮ ಕ್ಯಾಂಪಿನಲ್ಲಿ ಒಂದು ಕಡೆ ಪಾಲು ತಪ್ಪಿ ಎರಡು ವರ್ಷ ಜನ ಮುಖ ಕೊಡಲಿಲ್ಲ. ಟ್ರ್ಯಾಕರ್ ಕೆಲಸಕ್ಕೂ ಬರಲಿಲ್ಲ. ತಕ್ಕಡಿ ಬಂದ ಮೇಲೆ ಸರಿ ಹೋಯಿತು.

ದಂತ ಮೊದಲು ಬಂತು ಅಂದೆಯಲ್ಲ, ಅದು ತಪ್ಪು. ದೊಡ್ಡ ತಪ್ಪು.

---

ಮೊಂಟಾನಾ_ಕನ್ನಡಿಗ
ಸೋಮವಾರ, ಸಂಜೆ 4:40

@ಕ್ಯಾಂಪುಮನೆ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಅಲಾಸ್ಕಾದಲ್ಲಿ ಇದು ಕಾನೂನೇ ಆಗಿದೆ. ಮೂಸ್ ಅನ್ನೋ ದೊಡ್ಡ ಜಿಂಕೆ ಹೊಡೆದರೆ ತಿನ್ನುವ ಮಾಂಸವನ್ನೆಲ್ಲ ಹೊರಗೆ ತರಬೇಕು. ಅದಕ್ಕಿಂತ ಮೊದಲು ಕೊಂಬು ಸಾಗಿಸುವಂತಿಲ್ಲ. ಮಾಂಸ ಬಿಟ್ಟು ಬಂದರೆ ಕೇಸು.

---

ಕಾಡುದಾರಿ
ಸೋಮವಾರ, ಸಂಜೆ 6:12

ಎಲ್ಲರೂ ಊರು ಊರು ಅಂತಿದ್ದೀರಿ. ಊರು ಅಂದರೆ ಯಾರು? ಜಿಂಬಾಬ್ವೆಯ ಕ್ಯಾಂಪ್‌ಫೈರ್ ಯೋಜನೆ 1989ರಲ್ಲಿ ಶುರುವಾದಾಗ ಇಡೀ ಜಗತ್ತು ಹೊಗಳಿತು. ಅಲ್ಲಿ ಪ್ರಾಣಿ ಹಕ್ಕು ಸಿಕ್ಕಿದ್ದು ಜಿಲ್ಲಾ ಮಂಡಳಿಗಳಿಗೆ, ಹಳ್ಳಿಗಳಿಗೆ ಅಲ್ಲ. ಬೇಟೆ ಕಂಪನಿ ಮಂಡಳಿಗೆ ಕಟ್ಟುತ್ತಿತ್ತು. ಮಂಡಳಿ ಹಳ್ಳಿಗೆ ಕೊಡಬೇಕು. ಎಷ್ಟೋ ಕಡೆ ತಡ ಆಯಿತು, ಕಡಿಮೆ ಆಯಿತು, ಕೆಲವು ಕಡೆ ಬರಲೇ ಇಲ್ಲ. ಆಮೇಲೆ ನಿಯಮ ಬದಲಾಯಿಸಿ ಕಂಪನಿ ನೇರವಾಗಿ ಹಳ್ಳಿಯ ಖಾತೆಗೆ ಕಟ್ಟಬೇಕು, ಅರ್ಧಕ್ಕಿಂತ ಹೆಚ್ಚು ಪಾಲು ಅವರದ್ದು ಅಂತ ಮಾಡಿದರು.

ನಮೀಬಿಯಾದಲ್ಲೂ ಸಂಘದ ಕಮಿಟಿಯವರೇ ಗಾಡಿ, ಭತ್ಯೆ ಅಂತ ದುಡ್ಡು ಖಾಲಿ ಮಾಡಿದ ದೂರುಗಳಿವೆ. ಲೆಕ್ಕದಮನೆಯವರೇ, ನಿಮ್ಮ ಕಂಪನಿ ಸರಿಯಾಗಿ ಕಟ್ಟಿದ್ದರೂ ಅಜ್ಜಿಗೆ ಮುಟ್ಟಿಲ್ಲದೆ ಇರಬಹುದು. ಆಗ ಬೈಗುಳ ತಿನ್ನೋದು ಕಂಪನಿ.

---

ಲೆಕ್ಕದಮನೆ
ಸೋಮವಾರ, ಸಂಜೆ 6:50

ಅದು ನಿಜ ಇರಬಹುದು ಸರ್. ಆದರೆ ನಾವು ಎಷ್ಟು ಕಟ್ಟಿದ್ದೇವೆ ಅಂತ ಸಭೆಯಲ್ಲಿ ಜೋರಾಗಿ ಹೇಳಿದ್ದರೆ, ಉಳಿದದ್ದನ್ನು ಅವರೇ ಕಮಿಟಿಗೆ ಕೇಳುತ್ತಿದ್ದರು. ನಾವೇ ಬಾಯಿ ಮುಚ್ಚಿಕೊಂಡಿದ್ದೇವೆ. ನಮ್ಮ ಮೌನ ಕಮಿಟಿಗೂ ಅನುಕೂಲ ಆಯಿತೇನೋ.

---

ಹುಲ್ಲುಗಾವಲು
ಸೋಮವಾರ, ರಾತ್ರಿ 7:15

ಇಷ್ಟು ಸಾಕು, ಇದನ್ನೇ ಯಜಮಾನರಿಗೆ ಹೇಳಿ. ಗಿರಾಕಿ ಕೊಟ್ಟ ಪೂರ್ತಿ ಮೊತ್ತ ಹೇಳಲು ಅವರಿಗೆ ಇಷ್ಟ ಇಲ್ಲದಿರಬಹುದು. ಆದರೆ ಸಂಘದ ಜೊತೆಗಿನ ಕರಾರು ಗುಟ್ಟಲ್ಲ. ಆ ಕರಾರಿನ ಒಂದು ಕಡೆಯವರೇ ಊರಿನ ಸದಸ್ಯರು. ಯಾವ ಪ್ರಾಣಿಗೆ ಎಷ್ಟು, ಹೊಡೆಯದಿದ್ದರೂ ಕಟ್ಟಲೇಬೇಕಾದದ್ದು ಎಷ್ಟು, ಯಾವ ತಾರೀಕಿಗೆ ಕಟ್ಟಿದ್ದೀರಿ, ಇಷ್ಟನ್ನೂ ಅವರು ಕೇಳುವ ಹಕ್ಕಿದೆ.

---

ನೇರಮಾತು
ಸೋಮವಾರ, ರಾತ್ರಿ 7:40

ಎಲ್ಲರೂ ಸೇರಿ ಬೇಟೆಯನ್ನು ಚೆನ್ನಾಗಿ ನಡೆಸೋದು ಹೇಗೆ ಅಂತ ಹೇಳಿಕೊಡ್ತಿದ್ದೀರಿ. ಕೀನ್ಯಾ 1977ರಲ್ಲೇ ನಿಲ್ಲಿಸಿತು. ಅಲ್ಲಿ ಆಕಾಶ ಬಿದ್ದು ಹೋಯ್ತಾ?

---

ಕಾಡುದಾರಿ
ಸೋಮವಾರ, ರಾತ್ರಿ 8:05

1977ರಿಂದ 2016ರ ನಡುವೆ ಕೀನ್ಯಾದ ಮೇವಿನ ನೆಲಗಳಲ್ಲಿ ಕಾಡುಪ್ರಾಣಿ ಸರಾಸರಿ ಶೇ 68 ಕಡಿಮೆ ಆಯಿತು. ನಿಷೇಧ ಒಂದರಿಂದಲೇ ಆಯಿತು ಅಂತ ನಾನು ಹೇಳಲ್ಲ. ಜನ ಹೆಚ್ಚಾದರು, ಬೇಲಿ ಬಂತು, ದನ ಕುರಿ ಹೆಚ್ಚಿತು, ಮಳೆ ಕೈಕೊಟ್ಟಿತು. ಆದರೆ ನಿಲ್ಲಿಸಿದ್ದರಿಂದ ಪ್ರಾಣಿ ಉಳಿದವು ಅಂತಲೂ ಹೇಳೋಕಾಗಲ್ಲ.

---

ಅರುಶಾವಾಸಿ
ಸೋಮವಾರ, ರಾತ್ರಿ 8:22

ಬೋಟ್ಸ್‌ವಾನಾನೂ ನೋಡಿ. 2014ರ ಜನವರಿಯಲ್ಲಿ ನಿಲ್ಲಿಸಿದರು. ಸಾಂಕುಯೊ, ಮಬಾಬೆ ಥರದ ಊರುಗಳು ಕೋಟಾ ಮಾರಿ ಬದುಕುತ್ತಿದ್ದವು. ದುಡ್ಡು, ಕೆಲಸ, ಮಾಂಸ ಮೂರೂ ಒಟ್ಟಿಗೆ ಹೋದವು. ಆನೆಗಳು ಮಾತ್ರ ಹೊಲಕ್ಕೆ ಬರೋದು ನಿಲ್ಲಿಸಲಿಲ್ಲ. ಆ ದೇಶದಲ್ಲಿ ಸುಮಾರು 1,30,000 ಆನೆ ಇವೆ. ಅಧ್ಯಕ್ಷರು ಬದಲಾದ ಮೇಲೆ 2019ರ ಮೇನಲ್ಲಿ ನಿಷೇಧ ತೆಗೆದರು. ನಿಲ್ಲಿಸೋ ಮೊದಲು ಆ ಊರುಗಳ ಒಪ್ಪಿಗೆ ಪಡೆದಿದ್ದರಾ?

---

ಪ್ರಾಣಿಪ್ರೀತಿ
ಸೋಮವಾರ, ರಾತ್ರಿ 8:50

ಹಾಗಾದ್ರೆ ನಿಲ್ಲಿಸೋದಕ್ಕೂ ಒಂದು ಮರ್ಯಾದೆಯ ದಾರಿ ಇರಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಇದೆ. ಗ್ರೇಟ್ ಬೇರ್ ಮಳೆಕಾಡಿನಲ್ಲಿ ಒಂದೊಂದು ಪ್ರದೇಶದ ಬೇಟೆ ಹಕ್ಕು ಒಬ್ಬೊಬ್ಬ ಗೈಡ್ ಔಟ್‌ಫಿಟ್ಟರ್ ಕೈಯಲ್ಲಿತ್ತು. ರೇನ್‌ಕೋಸ್ಟ್ ಅನ್ನೋ ಸಂಸ್ಥೆ 2005ರಿಂದ ದುಡ್ಡು ಕೊಟ್ಟು ಆ ಹಕ್ಕುಗಳನ್ನೇ ಕೊಂಡುಕೊಂಡಿತು. ಕೊಂಡು, ಬೇಟೆ ಮಾಡದೆ ಸುಮ್ನೆ ಬಿಟ್ಟಿತು. ಅಲ್ಲಿನ ಮೂಲ ನಿವಾಸಿಗಳೂ ಟ್ರೋಫಿ ಬೇಟೆ, ಅಂದರೆ ತಲೆ ಚರ್ಮದ ಆಸೆಗೆ ಮಾಡೋ ಬೇಟೆ, ಬೇಡ ಅಂತಲೇ ಹೇಳುತ್ತಿದ್ದರು. ಔಟ್‌ಫಿಟ್ಟರ್‌ಗೂ ನಷ್ಟ ಇಲ್ಲ. 2017ರಲ್ಲಿ ಗ್ರಿಜ್ಲಿ ಕರಡಿ ಬೇಟೆಯನ್ನು ಪ್ರಾಂತ್ಯವೇ ನಿಲ್ಲಿಸಿತು.

---

ಕಂದೀಲು
ಸೋಮವಾರ, ರಾತ್ರಿ 9:04

ಇದು ಒಳ್ಳೆಯ ಉದಾಹರಣೆ. ಊರವರು ಬೇಡ ಅಂದರೆ ಬೇಡ. ಬೇಕು ಅಂದರೆ ಅದನ್ನೂ ಕೇಳಬೇಕು.

---

ನೇರಮಾತು
ಸೋಮವಾರ, ರಾತ್ರಿ 9:20

ನನ್ನ ಮನಸ್ಸು ಬದಲಾಗಿಲ್ಲ. ಆದರೆ ಅಜ್ಜಿಯ ಮಾತು ಮರೆಯೋಕಾಗ್ತಿಲ್ಲ. ಅವರ ಹೊಲಕ್ಕೆ ಪರಿಹಾರ ಸಿಕ್ತಾ?

---

ಲೆಕ್ಕದಮನೆ
ಸೋಮವಾರ, ರಾತ್ರಿ 9:45

ಸಂಘದಿಂದ ಒಂದಿಷ್ಟು ಕೊಡುವ ಯೋಜನೆ ಇದೆ. ನಷ್ಟಕ್ಕೆ ಅದು ಸಾಲುವುದಿಲ್ಲ. ಸಂಘದ ಕಾವಲುಗಾರ ಬಂದು ಹೊಲ ಅಳೆದು ಬರೆದುಕೊಂಡು ಹೋಗಿದ್ದಾನೆ. ಇನ್ನೂ ಕೈಗೆ ಬಂದಿಲ್ಲ.

---

ಹುಲ್ಲುಗಾವಲು
ಸೋಮವಾರ, ರಾತ್ರಿ 10:02

ಕಾವಲುಗಾರರ ಬಗ್ಗೆ ಒಂದು ಮಾತು. ಅವರ ಸಂಬಳ ಬರೋದು ಇದೇ ಬೇಟೆ ಮತ್ತು ಲಾಡ್ಜಿನ ದುಡ್ಡಿನಿಂದ. 2020ರಲ್ಲಿ ಕೊರೊನಾ ಬಂದು ವಿಮಾನ ನಿಂತಾಗ ಎರಡೂ ನಿಂತವು. ಸರ್ಕಾರ ಮತ್ತು ದಾನಿಗಳು ಸೇರಿ ತುರ್ತು ನಿಧಿ ಮಾಡದಿದ್ದರೆ ಕಾಡು ಕಾಯೋರೇ ಇರುತ್ತಿರಲಿಲ್ಲ. ನಾನು ನೋಡಿದ ಒಬ್ಬರು ಆಗ ತಿಂಗಳುಗಟ್ಟಲೆ ಅರ್ಧ ಸಂಬಳಕ್ಕೆ ಸುತ್ತಿದರು. ಹೊರಗಿನ ಗಿರಾಕಿಯನ್ನೇ ನಂಬಿದರೆ ಹೀಗೂ ಆಗುತ್ತದೆ, ಬೇಟೆ ಆಗಲಿ ಫೋಟೋ ಆಗಲಿ.

---

ಲೆಕ್ಕದಮನೆ
ಎರಡು ವಾರದ ನಂತರ, ಶನಿವಾರ, ರಾತ್ರಿ 8:30

ಏನಾಯಿತು ಅಂತ ಹೇಳದೆ ಹೋದರೆ ತಪ್ಪಾಗುತ್ತದೆ.

ಯಜಮಾನರ ಹತ್ತಿರ ಮೂರು ಸಲ ಮಾತಾಡಿದೆ. ಮೊದಲ ಸಲ ಬೈದರು. ಎರಡನೇ ಸಲ ಸುಮ್ಮನಿದ್ದರು. ಮೂರನೇ ಸಲ ಕ್ಯಾಂಪುಮನೆ ಅಣ್ಣ ಬರೆದ ಟ್ರ್ಯಾಕರ್‌ಗಳ ವಿಷಯ ಹೇಳಿದೆ. ನಮ್ಮಲ್ಲೂ ಇಬ್ಬರು ಕೆಲಸ ಬಿಡುವ ಮಾತಾಡಿದ್ದರು, ಅದು ಅವರಿಗೆ ನಾಟಿತು. ಗಿರಾಕಿಯ ಬಿಲ್ ತೋರಿಸಲು ಒಪ್ಪಲಿಲ್ಲ. ಸಂಘಕ್ಕೆ ಕಟ್ಟಿದ್ದನ್ನು ಹೇಳಲು ಒಪ್ಪಿದರು.

ಖುಟಾ ಅಂತ ಇಲ್ಲಿ ಊರ ಹಿರಿಯರ ನ್ಯಾಯದ ಕಟ್ಟೆ ಇದೆ. ಅದರ ಮುಂದಿನ ಮರದ ಕೆಳಗೆ ಸಭೆ ಸೇರಿತು. ಒಂದು ದೊಡ್ಡ ಹಲಗೆಯ ಮೇಲೆ ಇಲ್ಲಿನ ಭಾಷೆ ಸಿಲೋಜಿಯಲ್ಲಿ ಬರೆಸಿದ್ದೆ, ಶಾಲೆಯ ಮೇಷ್ಟ್ರು ಸಹಾಯ ಮಾಡಿದರು. ಯಾವ ಪ್ರಾಣಿ, ಯಾವ ದಿನ, ಎಷ್ಟು ದುಡ್ಡು, ಯಾವತ್ತು ಸಂಘದ ಖಾತೆಗೆ ಹೋಯಿತು. ಬೆಂಚು, ಅಂಗಿಯ ಪಟ್ಟಿ ಓದಲಿಲ್ಲ.

ಮೊದಲು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಯುವಕ ಎದ್ದು, ಮಾರ್ಚ್‌ನಲ್ಲಿ ಕಟ್ಟಿದ ದುಡ್ಡು ಎಲ್ಲಿ ಅಂತ ಕಮಿಟಿಯನ್ನು ಕೇಳಿದ. ಎರಡು ಗಂಟೆ ಅದೇ ನಡೆಯಿತು. ಕಾಡುದಾರಿ ಸರ್ ಹೇಳಿದ ಹಾಗೇ ಆಯಿತು. ಮುಂದಿನ ತಿಂಗಳು ಕಮಿಟಿ ತನ್ನ ಪುಸ್ತಕ ತರಬೇಕು ಅಂತ ಇಂಡೂನಾ, ಅಂದರೆ ಊರ ಮುಖಂಡರು, ಹೇಳಿದ್ದಾರೆ.

---

ಕ್ಯಾಂಪುಮನೆ
ಶನಿವಾರ, ರಾತ್ರಿ 8:41

ತಕ್ಕಡಿ ತಗೊಂಡೆಯಾ ತಮ್ಮಾ?

---

ಲೆಕ್ಕದಮನೆ
ಶನಿವಾರ, ರಾತ್ರಿ 8:47

ತಗೊಂಡೆ ಅಣ್ಣ. ಮೊನ್ನೆ ಒಂದು ಕಾಡೆಮ್ಮೆ ಬಂತು. ಸಂಜೆ ಐದಕ್ಕೇ ಊರಲ್ಲಿತ್ತು. ತೂಕ ಹಾಕುವಾಗ ಆ ಅಜ್ಜಿ ತಕ್ಕಡಿಯ ಪಕ್ಕದಲ್ಲೇ ನಿಂತು ಕೊನೆಯ ತುಂಡಿನವರೆಗೂ ಮುಳ್ಳು ನೋಡುತ್ತಿದ್ದರು. ಎರಡು ಸಲ "ಇನ್ನೊಮ್ಮೆ ತೂಗು" ಅಂದರು. ತೂಗಿದೆವು.

---

ನೇರಮಾತು
ಶನಿವಾರ, ರಾತ್ರಿ 8:52

ಹೊಲದ ದುಡ್ಡು?

---

ಲೆಕ್ಕದಮನೆ
ಶನಿವಾರ, ರಾತ್ರಿ 8:55

ಇನ್ನೂ ಬಂದಿಲ್ಲ. ಕಮಿಟಿ ಪುಸ್ತಕ ತರುವ ದಿನ ಮೊದಲು ಅದನ್ನೇ ಕೇಳುತ್ತೇನೆ ಅಂತ ಅಜ್ಜಿ ಅಂದಿದ್ದಾರೆ. ಆ ದಿನ ನಾನೂ ಹೋಗುತ್ತೇನೆ.